ಭಾರತ–ಪಾಕ್ ಪಂದ್ಯ: ಬಡಾವಣೆಯವರೆಲ್ಲ ಒಟ್ಟಿಗೆ ನೋಡುವುದು ಹೇಗೆ?

ದೊಡ್ಡ ಪಂದ್ಯದ ದಿನಾಂಕ ಪ್ರಕಟವಾದ ಕೂಡಲೇ ನನಗೆ ಬರುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಒಂದೇ. ಎಷ್ಟು ದೊಡ್ಡ ಪರದೆ ಬೇಕು? ಪ್ರೊಜೆಕ್ಟರ್ ತರುವುದೋ, ಟಿವಿಯೇ ಸಾಕೋ? ಪೊಲೀಸರನ್ನು ಕೇಳಬೇಕೆ? ತಲೆಗೆ ನೂರು ರೂಪಾಯಿಯಂತೆ ವಸೂಲಿ ಮಾಡಿದರೆ ತಪ್ಪೇ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಐವತ್ತು–ಅರವತ್ತು ಜನ ಸೇರುವ ಒಂದು ಬಡಾವಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಎರಡೂ ದೇಶಗಳು ತಮ್ಮತಮ್ಮಲ್ಲೇ ಸರಣಿಯೊಂದನ್ನು ಆಡಿದ್ದು 2012ರ ಡಿಸೆಂಬರ್ ಮತ್ತು 2013ರ ಜನವರಿಯಲ್ಲೇ ಕೊನೆ. ಆ ಸರಣಿಯ ಮೊದಲ ಪಂದ್ಯ ನಡೆದದ್ದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಗೆದ್ದದ್ದು ಪಾಕಿಸ್ತಾನ. ಅಲ್ಲಿಂದೀಚೆಗೆ ವಿಶ್ವಕಪ್, ಏಷ್ಯಾ ಕಪ್, ಚಾಂಪಿಯನ್ಸ್ ಟ್ರೋಫಿಗಳಲ್ಲಿ ಮುಖಾಮುಖಿಯಾದರಷ್ಟೇ ಉಂಟು. ಹಾಗಾಗಿ ಒಂದು ಸಂಜೆ ಕೆಟ್ಟರೆ ‘ಮುಂದಿನ ವಾರ ನೋಡೋಣ’ ಎನ್ನುವಂತಿಲ್ಲ.

ಅರವತ್ತು ಜನರ ಉಸಿರು ಒಂದೇ ಚೆಂಡಿಗೆ ನಿಂತು, ಒಂದೇ ಸಲಕ್ಕೆ ಕೂಗಾಗಿ ಹೊರಬರಬೇಕು. ಅದಿಲ್ಲದಿದ್ದರೆ ಮನೆಯ ಸೋಫಾ ಬಿಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರೂವರೆ ಗಂಟೆ ಕೂರುವುದಕ್ಕೆ ಅರ್ಥವಿಲ್ಲ. ಕೆಳಗಿನ ಹಂತಗಳೆಲ್ಲ ಆ ಕ್ಷಣ ಕೆಡದಂತೆ ನೋಡಿಕೊಳ್ಳುವುದಕ್ಕೇ.

1. ಮೊದಲು ಗಡಿಯಾರ, ಆಮೇಲೆ ಪರದೆ

ಯಾವ ಪರದೆ ಎಂಬುದನ್ನು ನಿರ್ಧರಿಸುವುದು ನಿಮ್ಮ ಬಜೆಟ್‌ಗಿಂತ ಹೆಚ್ಚಾಗಿ ಪಂದ್ಯ ನಡೆಯುವ ಊರು. 2022ರ ಮೆಲ್ಬರ್ನ್ ಪಂದ್ಯ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 1.30ಕ್ಕೆ ಶುರುವಾಯಿತು. 2023ರ ಅಹಮದಾಬಾದ್ ಪಂದ್ಯ 2 ಗಂಟೆಗೆ, 2019ರ ಮ್ಯಾಂಚೆಸ್ಟರ್ ಪಂದ್ಯ 3 ಗಂಟೆಗೆ. 2024ರ ನ್ಯೂಯಾರ್ಕ್ ಪಂದ್ಯಕ್ಕೆ ರಾತ್ರಿ 8 ಗಂಟೆ ಎಂದಿತ್ತು. ಮಳೆಯಿಂದ ತಡವಾಗಿ, ಭಾರತ 6 ರನ್‌ಗಳಿಂದ ಗೆಲ್ಲುವ ಹೊತ್ತಿಗೆ ಮಧ್ಯರಾತ್ರಿ ದಾಟಿತ್ತು. ಭಾರತ ಅಥವಾ ಪಾಕಿಸ್ತಾನ ಆತಿಥ್ಯ ವಹಿಸುವ ಐಸಿಸಿ ಟೂರ್ನಿಗಳಲ್ಲಿ ಇವೆರಡರ ಪಂದ್ಯಗಳು 2027ರವರೆಗೆ ಮೂರನೆಯ ದೇಶದಲ್ಲಿ ನಡೆಯಬೇಕೆಂಬ ಒಪ್ಪಂದವಿದೆ. ದುಬೈ, ಕೊಲಂಬೊ ಹೆಸರುಗಳು ಪದೇಪದೇ ಕೇಳಿಬರುವುದು ಅದಕ್ಕೇ. ದುಬೈ ಎಂದರೆ ಸಾಮಾನ್ಯವಾಗಿ ಏಕದಿನ ಪಂದ್ಯಕ್ಕೆ ಮಧ್ಯಾಹ್ನ 2.30, ಟಿ20ಗೆ ರಾತ್ರಿ 7.30 ಅಥವಾ 8.

ಹಗಲಿನ ಪಂದ್ಯವಾದರೆ ಬಯಲಿನಲ್ಲಿ ಪ್ರೊಜೆಕ್ಟರ್ ಆಗದು. ಎಷ್ಟು ಸಲ ಹೇಳಿದರೂ ಯಾರಾದರೊಬ್ಬರು ಶಾಮಿಯಾನದ ಕೆಳಗೆ ಮಟಮಟ ಮಧ್ಯಾಹ್ನ ಅದನ್ನು ಹಚ್ಚುತ್ತಾರೆ. ಚೆಂಡಿನ ಮಾತು ಹಾಗಿರಲಿ, ಕ್ರೀಸ್‌ನಲ್ಲಿರುವುದು ಯಾರೆಂದೇ ತಿಳಿಯುವುದಿಲ್ಲ. ಹಗಲಿಗೆ ಎರಡೇ ದಾರಿ: ಕಿಟಕಿಗಳಿಗೆ ದಪ್ಪ ಪರದೆ ಇರುವ ಸಮುದಾಯ ಭವನ, ಇಲ್ಲವೇ ಬಾಡಿಗೆಯ ಎಲ್‌ಇಡಿ ಗೋಡೆ.

2. ಜಾಗ ಮತ್ತು ಪರದೆ

ಇಪ್ಪತ್ತು ಜನರಾದರೆ 65 ಇಂಚಿನ ಟಿವಿ ಸಾಕು, ಮುಂದಿನ ಹಂತಕ್ಕೆ ಹೋಗಿ.

ಅದಕ್ಕಿಂತ ಹೆಚ್ಚು ಜನರಿದ್ದು, ಪಂದ್ಯ ರಾತ್ರಿಯದಾದರೆ ಪ್ರೊಜೆಕ್ಟರ್ ಒಳ್ಳೆಯದು. ಇಲ್ಲಿ ನಿಮಗೆ ಎದುರಾಗುವ ಪದ ‘ಲೂಮೆನ್’. ಯಂತ್ರ ಎಷ್ಟು ಬೆಳಕು ಚೆಲ್ಲುತ್ತದೆ ಎಂಬುದರ ಅಳತೆ. ಕತ್ತಲಾದ ಮೇಲೆ ಹತ್ತು ಅಡಿ ಅಗಲದ ಚಿತ್ರಕ್ಕೆ ಕನಿಷ್ಠ 3000 ‘ಆನ್ಸಿ ಲೂಮೆನ್’ ಬೇಕು. ಬೀದಿದೀಪದ ಬೆಳಕು ಬೀಳುವ ಜಾಗವಾದರೆ 4000–5000. ‘ಆನ್ಸಿ’ ಎಂದರೆ ಒಪ್ಪಿತ ಮಾನದಂಡದಂತೆ ಅಳೆದದ್ದು; ಆ ಮಾತನ್ನು ಒತ್ತಿ ಕೇಳಿ. ಅಂಗೈಯಗಲದ ಅಗ್ಗದ ಯಂತ್ರಗಳ ಡಬ್ಬಿಯ ಮೇಲೆ ಹತ್ತು ಸಾವಿರ, ಹದಿನೈದು ಸಾವಿರ ಎಂದು ಬರೆದಿರುತ್ತದೆ. ಆ ಲೆಕ್ಕವೇ ಬೇರೆ, ನಂಬಬೇಡಿ.

ಸಾಧಾರಣ ಪ್ರೊಜೆಕ್ಟರನ್ನು ಚಿತ್ರದ ಅಗಲದ ಸುಮಾರು ಒಂದೂವರೆ ಪಟ್ಟು ದೂರದಲ್ಲಿ ಇಡಬೇಕಾಗುತ್ತದೆ. ಹತ್ತು ಅಡಿ ಅಗಲಕ್ಕೆ ಹದಿನೈದು ಅಡಿ. ಅಂದರೆ ಅದು ಪ್ರೇಕ್ಷಕರ ನಡುವೆಯೇ ಕೂರುತ್ತದೆ. ಎತ್ತರದ ಮೇಜಿನ ಮೇಲಿಟ್ಟು ಸುತ್ತ ನಾಲ್ಕು ಕುರ್ಚಿ ಖಾಲಿ ಬಿಡಿ. ಇಲ್ಲದಿದ್ದರೆ ಸಿಕ್ಸರ್ ಹೊಡೆದಾಗಲೆಲ್ಲ ಎದ್ದು ನಿಂತವರ ನೆರಳು ಪರದೆಯ ಮೇಲೆ ಕುಣಿಯುತ್ತದೆ.

ಬೆಡ್‌ಶೀಟ್ ಕಟ್ಟುವವರು ಗಾಳಿಯನ್ನು ಮರೆಯುತ್ತಾರೆ. ಬಟ್ಟೆ ಅಲುಗಿದರೆ ಚೆಂಡು ತಾನಾಗಿಯೇ ಸ್ವಿಂಗ್ ಆಗುತ್ತದೆ. ಬಿಳಿ ಸುಣ್ಣದ ಸಮತಟ್ಟಾದ ಗೋಡೆ ಸಿಕ್ಕರೆ ಅದೇ ಉತ್ತಮ. ಬಟ್ಟೆಯೇ ಆಗಬೇಕೆಂದರೆ ನಾಲ್ಕೂ ಬದಿ ಬಿಗಿದು ಕಟ್ಟಿ, ಹಿಂದಿನಿಂದ ಬೆಳಕು ತೂರದಂತೆ ಕಪ್ಪು ಬಟ್ಟೆ ಕೊಡಿ.

ಹೆಚ್ಚಿನವರು ಎಡವುವುದು ಎತ್ತರದಲ್ಲಿ. ಸ್ಕೋರ್ ಪಟ್ಟಿ ಇರುವುದು ಚಿತ್ರದ ಕೆಳತುದಿಯಲ್ಲಿ. ಮುಂದಿನವರ ತಲೆ ಅದಕ್ಕೆ ಅಡ್ಡ ಬಂದರೆ ಹಿಂದಿನ ಸಾಲಿನವರು ಪ್ರತಿ ಚೆಂಡಿಗೂ ‘ಎಷ್ಟು ಬೇಕು, ಎಷ್ಟು ಬೇಕು’ ಎಂದು ಕೇಳುತ್ತಲೇ ಇರುತ್ತಾರೆ. ಚಿತ್ರದ ಕೆಳಅಂಚು ನೆಲದಿಂದ ನಾಲ್ಕೂವರೆ ಅಡಿಯಾದರೂ ಮೇಲಿರಲಿ. ಮಕ್ಕಳಿಗೆ ಮುಂದೆ ಜಮಖಾನ ಹಾಸಿ. ಕೊನೆಯ ಸಾಲು ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಹೋಗಬಾರದು. ಹತ್ತು ಅಡಿ ಅಗಲದ ಚಿತ್ರಕ್ಕೆ ಅದು ಸುಮಾರು ಮೂವತ್ನಾಲ್ಕು ಅಡಿ.

ಎಲ್‌ಇಡಿ ಗೋಡೆ ತರಿಸುವುದಾದರೆ ಬಾಡಿಗೆಯವರು ‘ಪಿ3’, ‘ಪಿ5’ ಎನ್ನುತ್ತಾರೆ. ಬೆಳಕಿನ ಚುಕ್ಕಿಗಳ ನಡುವೆ ಎಷ್ಟು ಮಿಲಿಮೀಟರ್ ಅಂತರ ಎಂದು ಅದರ ಅರ್ಥ. ಪಿ5 ಗೋಡೆಯನ್ನು ಐದು ಮೀಟರ್ ದೂರದಿಂದ ನೋಡಿದರೆ ಚೆನ್ನ. ಅದಕ್ಕಿಂತ ಹತ್ತಿರ ಕೂತರೆ ಆಟಗಾರರ ಮುಖವೆಲ್ಲ ರಂಗೋಲಿ ಚುಕ್ಕಿಯಾಗಿ ಕಾಣುತ್ತದೆ.

3. ಪ್ರಸಾರ: ಅರ್ಧ ನಿಮಿಷವೆಂಬ ಶತ್ರು

ಈ ಹಂತವನ್ನು ಎರಡು ಸಲ ಓದಿ.

ಮೊಬೈಲ್ ಆ್ಯಪ್‌ನಲ್ಲಿ, ಅಂದರೆ ಇಂಟರ್‌ನೆಟ್ ಮೂಲಕ ಬರುವ ನೇರಪ್ರಸಾರ ಡಿಶ್ ಅಥವಾ ಕೇಬಲ್‌ನಲ್ಲಿ ಬರುವುದಕ್ಕಿಂತ ಸಾಮಾನ್ಯವಾಗಿ ಹಿಂದಿರುತ್ತದೆ. ಚಿತ್ರವನ್ನು ಸಣ್ಣಸಣ್ಣ ತುಂಡುಗಳಾಗಿ ಕಳುಹಿಸಿ, ಒಂದಷ್ಟು ತುಂಡುಗಳನ್ನು ಕೂಡಿಟ್ಟುಕೊಂಡ ಮೇಲಷ್ಟೇ ತೋರಿಸುವುದರಿಂದ ಈ ವಿಳಂಬ. ಕೆಲವೊಮ್ಮೆ ಹತ್ತು ಸೆಕೆಂಡ್, ಕೆಲವೊಮ್ಮೆ ಅರ್ಧ ನಿಮಿಷ. ಒಬ್ಬರೇ ನೋಡುವಾಗ ಇದು ಲೆಕ್ಕಕ್ಕಿಲ್ಲ. ಆದರೆ ಪಕ್ಕದ ಮನೆಯಲ್ಲಿ ಡಿಶ್ ಇದ್ದರೆ ನಿಮ್ಮ ಸಂಜೆ ಮುಗಿದಂತೆ.

ಮೆಲ್ಬರ್ನ್ ಪಂದ್ಯದ ದಿನ ನಾವು ಇದೇ ತಪ್ಪು ಮಾಡಿದ್ದೆವು. ಭವನದಲ್ಲಿ ಲ್ಯಾಪ್‌ಟಾಪ್‌ನಿಂದ ಆ್ಯಪ್, ಎದುರಿನ ಚಹಾ ಅಂಗಡಿಯಲ್ಲಿ ಕೇಬಲ್ ಟಿವಿ. ಎಂಟು ಚೆಂಡಿಗೆ 28 ಬೇಕು; ಹ್ಯಾರಿಸ್ ರೌಫ್ ಇನ್ನೂ ಓಟದ ಗುರುತಿನತ್ತ ನಡೆದು ಹೋಗುತ್ತಿದ್ದಾನೆ, ಅಷ್ಟರಲ್ಲಿ ಅಂಗಡಿಯ ಕಡೆಯಿಂದ ಸಿಳ್ಳೆ, ತಟ್ಟೆ ಬಡಿಯುವ ಸದ್ದು. ಆ ಓವರಿನ ಕೊನೆಯ ಎರಡು ಚೆಂಡುಗಳಿಗೆ ಕೊಹ್ಲಿ ಹೊಡೆದ ಎರಡೂ ಸಿಕ್ಸರ್‌ಗಳನ್ನು ನಾವು ಮೊದಲು ಕಿವಿಯಿಂದ ಕೇಳಿ ಆಮೇಲೆ ಕಣ್ಣಿಂದ ನೋಡಿದೆವು. ಅದು ಅಂಥ ಹೊಡೆತವನ್ನು ನೋಡುವ ರೀತಿಯಲ್ಲ.

ಆದ್ದರಿಂದ ಮುಖ್ಯ ಮೂಲ ಡಿಶ್ ಅಥವಾ ಕೇಬಲ್ ಇರಲಿ, ಇಂಟರ್‌ನೆಟ್ ಕೈಮೀಸಲಾಗಿರಲಿ. ಮೀಸಲು ಏಕೆಂದರೆ ಜೋರು ಮಳೆಯಲ್ಲಿ ಡಿಶ್‌ಗೆ ಉಪಗ್ರಹದ ಸಂಕೇತ ಸಿಗುವುದಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಪಂದ್ಯಗಳಿಗೆ, ಅದರಲ್ಲೂ ಮಲೆನಾಡು, ಕರಾವಳಿಯವರಿಗೆ ಇದು ಅನುಭವದ ಮಾತು.

ಡಿಡಿ ಫ್ರೀ ಡಿಶ್ ಇರುವವರು ದೂರದರ್ಶನವನ್ನೂ ನೋಡಿಡಿ. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗುರುತಿಸಿದ ಪಂದ್ಯಗಳನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂಬ ಕಾಯ್ದೆ 2007ರಿಂದ ಇದೆ. ಆದರೆ ಆ ಪ್ರಸಾರ ದೂರದರ್ಶನದ ಸ್ವಂತ ಜಾಲದಲ್ಲಿ ಮಾತ್ರ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಖಾಸಗಿ ಡಿಶ್‌ನಲ್ಲಿ ಅದೇ ವಾಹಿನಿಯನ್ನು ಹಚ್ಚಿ ‘ಇಲ್ಲಿ ಯಾವುದೋ ಹಳೆಯ ಕಬಡ್ಡಿ ಬರುತ್ತಿದೆಯಲ್ಲ’ ಎಂದು ಕೊನೆಯ ಗಳಿಗೆಯಲ್ಲಿ ಗಾಬರಿಯಾಗಬೇಡಿ.

ಇನ್ನೂ ಕೆಲವು ಹಳ್ಳಗಳಿವೆ. ಆ್ಯಪ್ ಚಂದಾ ಯಾರ ಹೆಸರಿನಲ್ಲಿದೆಯೋ ಅವರು ಸ್ಥಳದಲ್ಲಿರಲಿ; ಟಾಸ್ ಹೊತ್ತಿಗೆ ಲಾಗಿನ್ ಕೇಳಿ, ಒಟಿಪಿ ಹುಬ್ಬಳ್ಳಿಗೆ ಹೋದ ಭಾವಮೈದುನನ ಫೋನಿಗೆ ಹೋಗುವುದು ಹೊಸ ಕಥೆಯೇನಲ್ಲ. ಒಂದು ಗಂಟೆ ಮೊದಲೇ ಲಾಗಿನ್ ಆಗಿ. ಮೊಬೈಲ್‌ನಿಂದ ತಂತಿಯಿಲ್ಲದೆ ಪರದೆಗೆ ಬಿಂಬಿಸಲು ಹೋದರೆ ಹಲವು ಆ್ಯಪ್‌ಗಳು ಕೃತಿಸ್ವಾಮ್ಯದ ರಕ್ಷಣೆಗಾಗಿ ಚಿತ್ರವನ್ನು ಕಪ್ಪಾಗಿಸುತ್ತವೆ, ಧ್ವನಿ ಮಾತ್ರ ಬರುತ್ತದೆ.

ಕೊನೆಯದು ಎಲ್ಲರ ಕಿಸೆಯಲ್ಲಿರುವ ಫೋನ್. ಸ್ಕೋರ್ ಆ್ಯಪ್‌ಗಳು ಪರದೆಗಿಂತ ಮುಂದಿರುವುದುಂಟು. ‘ಅಯ್ಯೋ ಔಟ್’ ಎಂದು ಫೋನ್ ನೋಡಿ ಗೊಣಗುವ ಒಬ್ಬ ಮನುಷ್ಯ ಅರವತ್ತು ಜನರ ಸಂಜೆಯನ್ನು ಕೆಡಿಸಬಲ್ಲ. ಸ್ಕೋರ್ ಸೂಚನೆಗಳನ್ನು ಬಂದ್ ಮಾಡಿಸಿ. ಕೇಳದವರನ್ನು ಚಹಾ ಹಂಚುವ ಕೆಲಸಕ್ಕೆ ಹಾಕಿ.

ವೀಕ್ಷಕ ವಿವರಣೆ ಕನ್ನಡದಲ್ಲೋ ಬೇರೆ ಭಾಷೆಯಲ್ಲೋ ಎಂಬುದನ್ನು ಹಿಂದಿನ ದಿನವೇ ತೀರ್ಮಾನಿಸಿ. ನನ್ನ ಮತ ಕನ್ನಡಕ್ಕೆ: ಅಜ್ಜಿಯಂದಿರೂ ಕುರ್ಚಿ ಬಿಟ್ಟು ಏಳುವುದಿಲ್ಲ.

4. ತಂತಿ ಮತ್ತು ವಿದ್ಯುತ್

ಎಚ್‌ಡಿಎಂಐ ಎಂದರೆ ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಚಪ್ಪಟೆ ತುದಿಯ ತಂತಿ. ಸಾಧಾರಣ ಎಚ್‌ಡಿಎಂಐ ತಂತಿ ಹತ್ತು ಮೀಟರ್ ದಾಟಿದರೆ ಚಿತ್ರ ಮಿಣುಕತೊಡಗುತ್ತದೆ. ಆದ್ದರಿಂದ ಸೆಟ್‌ಟಾಪ್ ಬಾಕ್ಸನ್ನು ಮನೆಯೊಳಗೇ ಬಿಟ್ಟು ಉದ್ದದ ಎಚ್‌ಡಿಎಂಐ ಎಳೆಯಬೇಡಿ. ಬಾಕ್ಸನ್ನೇ ಪ್ರೊಜೆಕ್ಟರ್ ಪಕ್ಕಕ್ಕೆ ತನ್ನಿ. ಡಿಶ್‌ನಿಂದ ಬರುವ ದುಂಡನೆಯ ಕೇಬಲನ್ನು ಉದ್ದ ಮಾಡಿಸಿ. ಅದು ಮೂವತ್ತು ಮೀಟರ್ ಓಡಿದರೂ ತಕರಾರು ಮಾಡುವುದಿಲ್ಲ.

ಕರೆಂಟ್ ಹೋದಾಗ ಜನರೇಟರ್ ಹತ್ತು ಸೆಕೆಂಡಿನಲ್ಲಿ ಬಂದರೂ ಸೆಟ್‌ಟಾಪ್ ಬಾಕ್ಸ್ ಮತ್ತೆ ಮೇಲೇಳಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ, ಬಿಸಿಯಾದ ಪ್ರೊಜೆಕ್ಟರ್ ದೀಪ ಇನ್ನೂ ಹೆಚ್ಚು. ಅಷ್ಟರಲ್ಲಿ ಎರಡು ವಿಕೆಟ್ ಹೋಗಿರುತ್ತದೆ. ಕಂಪ್ಯೂಟರ್‌ಗೆ ಬಳಸುವ ಸಣ್ಣ ಯುಪಿಎಸ್ ಒಂದನ್ನು ತಂದು ಬಾಕ್ಸ್, ಪ್ರೊಜೆಕ್ಟರ್, ರೂಟರ್ ಮೂರನ್ನೂ ಅದಕ್ಕೆ ಸಿಕ್ಕಿಸಿ. ಅದು ಹೊರುವ ಭಾರಕ್ಕಿಂತ ಪ್ರೊಜೆಕ್ಟರ್‌ನ ವ್ಯಾಟ್ ಕಡಿಮೆಯಿದೆಯೇ ನೋಡಿಕೊಳ್ಳಿ. ಧ್ವನಿವರ್ಧಕ, ಫ್ಯಾನು, ಚಹಾ ಕಾಯಿಸುವ ಕೆಟಲ್ ಯಾವುದೂ ಆ ಯುಪಿಎಸ್ ಹತ್ತಿರ ಸುಳಿಯಬಾರದು.

ನೆಲದ ಮೇಲೆ ಹಾಯುವ ತಂತಿಗಳನ್ನು ಅಂಟುಪಟ್ಟಿಯಿಂದ ಒತ್ತಿ ಮುಚ್ಚಿ. ಬೀದಿಯ ಕಂಬದಿಂದ ಕರೆಂಟ್ ಎಳೆಯುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಅದು ಕಳ್ಳತನ, ಜೀವಕ್ಕೂ ಅಪಾಯ. ಮಾತು ಅಲ್ಲಿಗೇ ಮುಗಿಸಿ.

5. ಧ್ವನಿ, ಅನುಮತಿ, ಹಣ

ಪರದೆಯ ಎರಡೂ ಬದಿಗೆ ಒಂದೊಂದು ಧ್ವನಿವರ್ಧಕ ಸಾಕು. ಬಯಲಿನಲ್ಲಿ ಇಡಲು ಪೊಲೀಸ್ ಠಾಣೆಯ ಮೂಲಕ ಲಿಖಿತ ಅನುಮತಿ ಪಡೆಯಿರಿ. ಮೂರು–ನಾಲ್ಕು ದಿನ ಮೊದಲೇ ಅರ್ಜಿ ಕೊಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ರಾತ್ರಿ 8ಕ್ಕೆ ಶುರುವಾಗುವ ಟಿ20ಯ ಎರಡನೇ ಇನಿಂಗ್ಸ್ ಬಹುಪಾಲು ಆ ನಿಷೇಧದ ಹೊತ್ತಿನಲ್ಲೇ ಬೀಳುತ್ತದೆ. ಹತ್ತಾದ ಮೇಲೆ ಧ್ವನಿವರ್ಧಕ ಬಂದ್, ಪ್ರೊಜೆಕ್ಟರ್‌ನದೇ ಸಣ್ಣ ಸ್ಪೀಕರ್ ಎಂದು ಮೊದಲೇ ಎಲ್ಲರಿಗೂ ಹೇಳಿಬಿಡಿ. ನನ್ನನ್ನು ಕೇಳಿದರೆ ಕೊನೆಯ ಐದು ಓವರ್ ವಿವರಣೆಯ ಸದ್ದು ಕಡಿಮೆಯಿದ್ದಷ್ಟೂ ಚೆನ್ನ. ಪಕ್ಕದವರ ಎದೆಬಡಿತವೂ ಕೇಳಿಸುತ್ತದೆ.

ಹಣದ ಪ್ರಶ್ನೆಗೆ ಉತ್ತರ: ಪಂದ್ಯ ತೋರಿಸುವುದಕ್ಕೆ ಟಿಕೆಟ್ ಇಡಬೇಡಿ. ಶುಲ್ಕ ಪಡೆದು ಸಾರ್ವಜನಿಕರಿಗೆ ಪ್ರಸಾರ ತೋರಿಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 37ರ ಪ್ರಕಾರ ಪ್ರಸಾರಕರ ಹಕ್ಕಿನ ಉಲ್ಲಂಘನೆ. ತಿಂಡಿಗೆ, ಕುರ್ಚಿ ಬಾಡಿಗೆಗೆ ನೆರೆಹೊರೆಯವರು ಕೈಲಾದಷ್ಟು ಹಾಕುವುದು ಬೇರೆ. ‘ಕೊಟ್ಟವರಿಗೆ ಮಾತ್ರ ಪ್ರವೇಶ’ ಎಂದೊಡನೆ ಅದು ಟಿಕೆಟ್ ಆಗುತ್ತದೆ. ಅಂಗಡಿಯವರ ಬ್ಯಾನರ್ ಕಟ್ಟಿ ಪ್ರಾಯೋಜಕತ್ವ ಪಡೆಯುವ ಆಸೆಯಿದ್ದರೆ ಮೊದಲು ಪ್ರಸಾರಕರ ಅನುಮತಿ ಕೇಳಿ.

ಬಾಜಿ ಬೇಡ. ಹತ್ತು ರೂಪಾಯಿಯದೂ ಬೇಡ. ಊಹೆ ತಪ್ಪಿದವರು ಲೋಟ ತೊಳೆಯಬೇಕೆಂಬ ಪಂಥ ನಮ್ಮಲ್ಲಿ ಚೆನ್ನಾಗಿ ನಡೆಯುತ್ತದೆ.

6. ತಿಂಡಿ

ಕಣ್ಣು ಪರದೆಯಿಂದ ಕದಲದೆ ಒಂದೇ ಕೈಯಲ್ಲಿ ತಿನ್ನಲಾಗುವಂಥದ್ದೇ ಆಗಬೇಕು. ಬಿಸಿಬೇಳೆಬಾತ್ ಎಷ್ಟೇ ರುಚಿಯಾಗಿದ್ದರೂ ವಿಕೆಟ್ ಬಿದ್ದಾಗ ಮಡಿಲಿಗೆ ಬೀಳುತ್ತದೆ. ಚುರುಮುರಿಗೆ ಸಾಟಿಯಿಲ್ಲ: ಒಂದು ಕಿಲೋ ಮಂಡಕ್ಕಿ ಸುಮಾರು ಇಪ್ಪತ್ತು ಜನರಿಗೆ ಸಾಕು. ಆದರೆ ಒಮ್ಮೆಗೇ ಕಲಸಿಡಬೇಡಿ, ಕಾಲು ಗಂಟೆಯಲ್ಲಿ ಮೆತ್ತಗಾಗುತ್ತದೆ. ಈರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಕೊತ್ತಂಬರಿ ಒಂದು ಪಾತ್ರೆಯಲ್ಲಿ, ಎಣ್ಣೆಗೆ ಬೆರೆಸಿದ ಖಾರದಪುಡಿ–ಉಪ್ಪು ಇನ್ನೊಂದರಲ್ಲಿ, ಮಂಡಕ್ಕಿ ಚೀಲದಲ್ಲೇ. ಹತ್ತು ಹತ್ತು ಪೊಟ್ಟಣಕ್ಕೆ ಆಗುವಷ್ಟು ಕಲಸಿ, ನಿಂಬೆ ಹಿಂಡಿ, ಸಾಲಿನ ತುದಿಯಿಂದ ದಾಟಿಸಿ.

ಬಜ್ಜಿ, ಬೋಂಡಾ ಇನಿಂಗ್ಸ್ ನಡುವಿನ ವಿರಾಮಕ್ಕೆ. ಟಿ20ಯಲ್ಲಿ ಅದು ಇಪ್ಪತ್ತೇ ನಿಮಿಷ, ಹಾಗಾಗಿ ಬಾಣಲೆಗೆ ಎಣ್ಣೆ ಹದಿನೆಂಟನೇ ಓವರಿಗೇ ಬೀಳಬೇಕು. ಕಡಲೆಹಿಟ್ಟಿನ ಮುಂದೆ ನಿಂತವರಿಗೂ ಪರದೆ ಕಾಣುವಂತೆ ಒಲೆ ಇಡಿ. ಅಡುಗೆಯವರು ಪಂದ್ಯ ತಪ್ಪಿಸಿಕೊಂಡು ಉಳಿದವರು ನೋಡುವ ಪದ್ಧತಿ ಇನ್ನಾದರೂ ನಿಲ್ಲಲಿ.

7. ಜನ

ಎದುರಾಳಿ ಎಂದ ಮೇಲೆ ರೇಗಿಸುವಿಕೆ ಇದ್ದೇ ಇರುತ್ತದೆ, ಇಲ್ಲದಿದ್ದರೆ ಸಪ್ಪೆ. ಆದರೆ ಮುಂಚೆಯೇ ಒಂದು ಗೆರೆ ಎಳೆಯಿರಿ. ನಮ್ಮ ಬೀದಿಯ ಮುಸ್ಲಿಂ ಮನೆಯವರನ್ನು ನೋಡಿ ‘ನೀವು ಯಾರ ಕಡೆ’ ಎಂದು ನಗುತ್ತಾ ಕೇಳುವುದು ತಮಾಷೆಯಲ್ಲ. ಕೇಳಿದವರನ್ನು ಅಲ್ಲೇ ತಡೆಯುವುದು ಏರ್ಪಡಿಸಿದವರ ಕೆಲಸ. 2021ರ ದುಬೈ ಸೋಲಿನ ನಂತರ ಮೊಹಮ್ಮದ್ ಶಮಿ ಅವರನ್ನು ಜಾಲತಾಣಗಳಲ್ಲಿ ಹೀನಾಯವಾಗಿ ನಿಂದಿಸಿದರು. ನಾಯಕ ಕೊಹ್ಲಿ ಬಹಿರಂಗವಾಗಿಯೇ ಅವರ ಪರ ನಿಂತರು. ನಾಯಕ ಅಲ್ಲಿ ಮಾಡಿದ್ದನ್ನು ನೀವು ನಿಮ್ಮ ಮೈದಾನದಲ್ಲಿ ಮಾಡಿ. ಶಾಹೀನ್ ಅಫ್ರಿದಿಯ ಒಳ್ಳೆಯ ಯಾರ್ಕರ್‌ಗೆ ಯಾರಾದರೂ ‘ಆಹಾ’ ಎಂದರೆ ಅದು ಕ್ರಿಕೆಟ್ ಬಲ್ಲವರ ‘ಆಹಾ’.

ಜೊತೆಯಾಟ ಬೆಳೆಯುವಾಗ ‘ಯಾರೂ ಕೂತ ಜಾಗ ಬಿಡಬೇಡಿ’ ಎನ್ನುವವರು ಇದ್ದೇ ಇರುತ್ತಾರೆ. ಮೂಢನಂಬಿಕೆಯೇ ಸರಿ. ನಾನೂ ಪಾಲಿಸುತ್ತೇನೆ. ಮಕ್ಕಳಿಗೆ, ಮಧುಮೇಹ ಇರುವವರಿಗೆ ಮಾತ್ರ ವಿನಾಯಿತಿ ಇರಲಿ.

ಮಳೆ ಬಂದು ಆಟ ನಿಂತರೆ ಮೈಕನ್ನು ಹಿರಿಯರ ಕೈಗೆ ಕೊಡಿ. 1996ರ ಮಾರ್ಚ್ 9ರಂದು ಚಿನ್ನಸ್ವಾಮಿಯಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್ ಫೈನಲ್ ನೆನಪಿರುವವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇದ್ದಾರೆ. ಅಮೀರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟಿನಿಂದ ಗೆರೆಯ ಕಡೆ ತೋರಿಸಿದ್ದು, ಮರುಚೆಂಡಿಗೇ ವೆಂಕಟೇಶ್ ಪ್ರಸಾದ್ ಅವನ ಸ್ಟಂಪ್ ಕಿತ್ತದ್ದು, ಶ್ರೀನಾಥ್, ಪ್ರಸಾದ್, ಕುಂಬ್ಳೆ ಮೂವರೂ ತವರಿನ ಜನರೆದುರು ಬೌಲ್ ಮಾಡಿದ್ದು. ಅವರು ಹೇಳಲಿ, ಹುಡುಗರು ಕೇಳಲಿ. ಅಷ್ಟರಲ್ಲಿ ಮಳೆ ನಿಂತಿರುತ್ತದೆ.

ನಿಲ್ಲದಿದ್ದರೆ? 2023ರ ಏಷ್ಯಾ ಕಪ್‌ನಲ್ಲಿ ಸೆಪ್ಟೆಂಬರ್ 10ರಂದು ಕೊಲಂಬೊದಲ್ಲಿ ಆರಂಭವಾದ ಪಂದ್ಯ ಮಾರನೆಯ ದಿನಕ್ಕೆ ಹೋಯಿತು. ನಮ್ಮ ಕೆ.ಎಲ್. ರಾಹುಲ್ 111, ಕೊಹ್ಲಿ 122 ಹೊಡೆದು ಔಟಾಗದೆ ಉಳಿದದ್ದು ಆ ಎರಡನೆಯ ದಿನವೇ. ಮೊದಲ ರಾತ್ರಿಯೇ ಪರದೆ ಮರಳಿಸಿದವರು ಅದನ್ನು ಮೊಬೈಲ್‌ನಲ್ಲಿ ನೋಡಬೇಕಾಯಿತು. ಮೀಸಲು ದಿನ ಇದೆಯೇ ಎಂದು ತಿಳಿದುಕೊಂಡು, ಬಾಡಿಗೆಯವರೊಂದಿಗೆ ಆ ದಿನದ ಮಾತನ್ನೂ ಮೊದಲೇ ಆಡಿಕೊಳ್ಳಿ.

8. ಆ ದಿನ, ಮತ್ತು ಮುಗಿದ ಮೇಲೆ

ಹಿಂದಿನ ರಾತ್ರಿ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಎಲ್ಲವನ್ನೂ ಜೋಡಿಸಿ ಯಾವುದಾದರೂ ನೇರಪ್ರಸಾರವನ್ನು ಅರ್ಧ ಗಂಟೆ ಓಡಿಸಿ ನೋಡಿ. ಬೀದಿದೀಪ ಎಲ್ಲಿ ಬೀಳುತ್ತದೆ, ನಾಯಿ ಯಾವ ತಂತಿ ಕಡಿಯುತ್ತದೆ, ಎಲ್ಲ ಆಗಲೇ ಗೊತ್ತಾಗುತ್ತದೆ.

ಸೋಲಿಗೂ ಸಿದ್ಧರಾಗಿರಿ. 2017ರ ಓವಲ್ ಫೈನಲ್‌ನಲ್ಲಿ ಭಾರತ 180 ರನ್‌ಗಳಿಂದ ಸೋತಿತು. 2021ರಲ್ಲಿ ಅವರು ಒಂದೂ ವಿಕೆಟ್ ಕಳೆದುಕೊಳ್ಳದೆ 152 ಹೊಡೆದರು. ಅಂಥ ದಿನ ಜನ ಹತ್ತು ಓವರ್ ಬಾಕಿಯಿರುವಾಗಲೇ ಒಬ್ಬೊಬ್ಬರಾಗಿ ಜಾರುತ್ತಾರೆ, ಕುರ್ಚಿ ಜೋಡಿಸಲು ಇಬ್ಬರೇ ಉಳಿಯುತ್ತಾರೆ. ಯಾರ್‍ಯಾರು ಕಡೆಯವರೆಗೆ ಇರಬೇಕೆಂದು ಹೆಸರು ಹಾಕಿ ಪಟ್ಟಿ ಮಾಡಿ. ಗೆದ್ದರೂ ಪಟಾಕಿ ಬೇಡ; ಮಧ್ಯರಾತ್ರಿ ಹಸುಗೂಸುಗಳ ಮನೆಯವರ ಶಾಪ ಮುಂದಿನ ಪಂದ್ಯದವರೆಗೂ ಇರುತ್ತದೆ.

ಪ್ರೊಜೆಕ್ಟರ್ ಆರಿಸಿದ ತಕ್ಷಣ ಪ್ಲಗ್ ಕೀಳಬೇಡಿ. ಒಳಗಿನ ಫ್ಯಾನ್ ತಾನಾಗಿ ನಿಲ್ಲುವವರೆಗೆ ಬಿಡಿ. ಬಿಸಿ ದೀಪ ಒಡೆದರೆ ಬಾಡಿಗೆಯವರು ಹೊಸ ದೀಪದ ಹಣ ಕೇಳುತ್ತಾರೆ. ಆ ಮೂರು–ನಾಲ್ಕು ನಿಮಿಷದಲ್ಲಿ ಕುರ್ಚಿ ಎಣಿಸಿ. ಅರವತ್ತು ತಂದಿದ್ದರೆ ಐವತ್ತೆಂಟು ಇರುತ್ತದೆ. ಉಳಿದೆರಡು ಸಾಮಾನ್ಯವಾಗಿ ಬಜ್ಜಿ ಒಲೆಯ ಹಿಂದೆ ಸಿಗುತ್ತವೆ.